ಕಸವೆಂದು ಕಿತ್ತ ದಂಟಿನ ಸೊಪ್ಪು

ನೋಡ್ರಪ್ಪಾ, ಕೈಯ ಮಣ್ಣೂ ಹೋಗಿಲ್ಲ, ಸಿಟ್ಟೂ ಇಳಿದಿಲ್ಲ, ಹಾಗೇ ಟೈಪ್ ಮಾಡುತ್ತಿದ್ದೇನೆ. ಅಮೆರಿಕದ ಮೀರಾ ಮೆಸಾದ ನಮ್ಮ ಕಮ್ಯುನಿಟಿ ಗಾರ್ಡನ್‌ನಲ್ಲಿ ನನ್ನದೊಂದು ಪಾತಿ ಇದೆ. ಅಂಗಡಿಯ ಬಾಡಿದ ಸೊಪ್ಪು ತಿಂದು ಸಾಕಾಗಿ ದಂಟು ಹಾಕಿದ್ದೆ. ಮೊಣಕಾಲೆತ್ತರ ಬಂದಿತ್ತು. ಇವತ್ತು ಬೆಳಿಗ್ಗೆ ಹೋದರೆ ಪಾತಿ ಬೋಳು! ಪಕ್ಕದಲ್ಲೇ ಗಾರ್ಡನ್ ಕಮಿಟಿಯ ಧಾರವಾಡದ ಅಂಕಲ್, ಕೈಯಲ್ಲಿ ತುಂಬಿದ ಚೀಲ.

"ಅಂಕಲ್, ನನ್ನ ಸೊಪ್ಪು ಯಾಕೆ ಕಿತ್ರಿ?"

"ಎಲ್ಲೀ ಸೊಪ್ಪವಾ? ಬರೇ ಕಸ ಐತಿ. ಇಲ್ಲಿ ಮಂದಿ ಇದಕ್ಕ ವೀಡ್ ಅಂತಾರ. ಕಿತ್ತು ಒಗೀಬೇಕಂತ ಕಮಿಟಿ ರೂಲ್ ಐತಿ."

ಸುತ್ತ ನಿಂತಿದ್ದ ಅಮೆರಿಕನ್ನರಿಗೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು. ಅವರು ಚಪ್ಪಾಳೆ ತಟ್ಟುವುದೊಂದು ಬಾಕಿ. ಧಾರವಾಡದವರಿಗೆ ದಂಟು ಗೊತ್ತಿಲ್ಲವೇ? ನನಗೆ ಮೈಯೆಲ್ಲ ಉರಿಯಿತು.

ಎಲ್ಲರೂ ಚದುರಿದ ಮೇಲೆ ಅಂಕಲ್ ಚೀಲ ಹೊತ್ತು, ಕಾಂಪೋಸ್ಟ್ ತೊಟ್ಟಿಯನ್ನು ದಾಟಿ, ನೇರ ತಮ್ಮ ಕಾರಿನ ಡಿಕ್ಕಿಯಲ್ಲಿ ಇಟ್ಟರು.

"ತೊಟ್ಟಿ ಇಲ್ಲೇ ಇದೆಯಲ್ಲಾ ಅಂಕಲ್?"

ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಸುಮ್ಮನಿರವಾ. ನಿಮ್ಮ ಆಂಟಿ ಆಗಲೇ ಬ್ಯಾಳಿ ಕುದಿಯಾಕ ಇಟ್ಟಾಳ."

ಇಷ್ಟು ಬರೆದು ಅವರ ಮನೆಗೇ ಹೊರಟೆ. ಕಸ ತಿನ್ನಲು ತಟ್ಟೆ ನಾನೇ ಒಯ್ಯುತ್ತಿದ್ದೇನೆ.