ಒದ್ದೆ ಬಟ್ಟೆಯ ಪಾಠ

ಇಳಕಲ್ಲಿನ ಹೊರಗೆ, ಹುನಗುಂದದ ರಸ್ತೆಯಲ್ಲಿ, ಕೆಂಪು ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್. ಕೆಲಸಗಾರರಿಗೆ ಸುರಕ್ಷತೆಯ ಪಾಠ ಹೇಳುವುದೂ ನನ್ನ ಪಾಲಿಗೇ ಇತ್ತು. ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಶೆಡ್ಡಿನಲ್ಲಿ ತಾಡಪತ್ರಿ ಹಾಸಿ ಎಲ್ಲರನ್ನೂ ಕೂರಿಸುತ್ತಿದ್ದೆ. ಮುಖ್ಯ ಮಾತು ಒಂದೇ: ಕಲ್ಲಿನ ಧೂಳು ಒಳಗೆ ಹೋಗದಂತೆ ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಳ್ಳಿ. "ಹೆಂಡ್ತಿ ಹಳೇ ಸೀರಿ ಕೇಳಿ ಇಸ್ಕೊಳ್ರಿ, ಹೊಸಾದು ಹರಿದ್ರ ನಾ ಜವಾಬ್ದಾರ ಅಲ್ಲ" ಅಂದರೆ ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು. ಅಂಚು ಕೊಯ್ಯುವ ಮಷಿನ್ನಿನ ಮೇಲೆ ಹದಿನಾರು ವರ್ಷ ದುಡಿದವರೊಬ್ಬರಿದ್ದರು, ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದೆವು. ಪಾಠದ ನಡುವೆ ಅವರು ಕೆಮ್ಮಿದರೆ, "ಚಾಚಾ, ನನ್ನ ಜೋಕಿಗೆ ಅಡ್ಡ ಬರಬ್ಯಾಡ್ರಿ" ಎಂದು ಛೇಡಿಸುತ್ತಿದ್ದೆ. ಮೊದಲು ನಗುತ್ತಿದ್ದವರು ಅವರೇ.

ಮ್ಯಾನೇಜರು ಈ ಪಾಠವನ್ನು ನನ್ನಿಂದ ಕಿತ್ತು ಹೊಸದಾಗಿ ಬಂದ ಹುಡುಗಿಯೊಬ್ಬಳಿಗೆ ಕೊಟ್ಟರು.

ಅವಳು ಐಹೊಳೆಯವಳು. ಮೊದಲು ಪ್ರವಾಸಿಗರಿಗೆ ಗುಡಿ ತೋರಿಸುತ್ತಿದ್ದಳಂತೆ. ಆಮೇಲೆ ಸುರಕ್ಷತೆಯ ಡಿಪ್ಲೊಮಾ ಮಾಡಿಕೊಂಡು ನಮ್ಮಲ್ಲಿಗೆ ಬಂದು ಆರು ತಿಂಗಳೂ ಆಗಿರಲಿಲ್ಲ. "ನಿಯಮ ಬದಲಾಗ್ಯಾವು, ಪಾಠಾನೂ ಬದಲಾಗಬೇಕು. ಆಕಿ ಓದ್ಕೊಂಡಾಳ," ಎಂದರು ಮ್ಯಾನೇಜರು. ನನಗೇನು ಓದಲು ಬರುವುದಿಲ್ಲವೇ? ಹೊಟ್ಟೆ ಉರಿಯಿತು. ಚಹಾದ ಹೊತ್ತಿನಲ್ಲಿ ಅವಳು ಎರಡು ಮಾತಾಡಿದರೂ ಜನ ಕುಡಿಯುವುದು ಬಿಟ್ಟು ಕೇಳುತ್ತಿದ್ದರು. ಅದನ್ನು ನೋಡಿ ಇನ್ನೂ ಉರಿಯಿತು.

ಪಾಠಕ್ಕೆ ಎರಡು ದಿನ ಮೊದಲು ಬಂದು, "ಸರ್ರ, ಧೂಳಿನ ಬಗ್ಗೆ ಹೊಸ ಸುತ್ತೋಲೆ ನಿಮ್ಮ ಕಡೆ ಐತೇನ್ರಿ?" ಎಂದು ಕೇಳಿದಳು. ಇತ್ತು. ಎರಡು ವರ್ಷದಿಂದ ನನ್ನ ಕಪಾಟಿನಲ್ಲೇ ಇತ್ತು. ಬಟ್ಟೆ ಸಾಲದು, ಧೂಳು ತಡೆಯುವ ಮಾಸ್ಕನ್ನೇ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಚೆನ್ನಾಗಿ ನಡೆಯುತ್ತಿರುವ ಪಾಠವನ್ನು ಯಾಕೆ ಕೆಡಿಸಬೇಕೆಂದು ನಾನೇ ಫೈಲಿಗೆ ಸೇರಿಸಿದ್ದೆ.

"ಇಲ್ಲವ್ವ, ನಾ ನೋಡಿಲ್ಲ," ಎಂದೆ. ಅವಳು ಜನರೆದುರು ತಡವರಿಸುವುದನ್ನು ನೋಡುವ ಆಸೆ ನನಗೆ.

ಸೋಮವಾರ ಶೆಡ್ಡಿನಲ್ಲಿ ಅವಳು ತಡವರಿಸಲಿಲ್ಲ. "ಇಷ್ಟು ದಿನ ಸರ್ ಏನು ಕಲಿಸ್ಯಾರ, ಹೇಳ್ರಿ," ಎಂದು ಶುರು ಮಾಡಿದಳು. "ಒದ್ದಿ ಅರಿವಿ," ಎಂದು ಎಲ್ಲರೂ ಒಟ್ಟಿಗೆ ಅಂದರು. ಹಿಂದೆ ನಿಂತಿದ್ದ ನಾನು ಮೀಸೆಯಲ್ಲೇ ನಕ್ಕೆ. ಆಮೇಲೆ ಚಾಚಾನನ್ನು ಮುಂದೆ ಕರೆದಳು. ಬೆಳಿಗ್ಗೆ ಕೆಲಸಕ್ಕೆ ನಿಲ್ಲುವಾಗಲೇ ಅವರ ಒದ್ದೆ ಬಟ್ಟೆಯ ಒಳಗೆ ಒಂದು ಬಿಳಿ ಕರವಸ್ತ್ರ ಇಡಿಸಿದ್ದಳಂತೆ. ಈಗ ಅದನ್ನು ಬಿಚ್ಚಿಸಿ ಎತ್ತಿ ಹಿಡಿದಳು. ಮೂಗಿನ ಹೊಳ್ಳೆಗಳಿದ್ದ ಕಡೆ ಎರಡು ಧೂಳಿನ ಕಲೆ.

ಯಾರೂ ನಗಲಿಲ್ಲ. ಚಾಚಾ ಅವಳನ್ನು ಬಿಟ್ಟು ನನ್ನ ಕಡೆ ನೋಡಿದರು. "ಒಂದ ದಿನಾನೂ ತಪ್ಪಿಸಿಲ್ರಿ, ಸರ್ರ. ನೀವು ಹೇಳಿದಂಗ ದಿನಾ ಕಟ್ಟೀನಿ," ಎಂದರು. ಸಿಟ್ಟಿನಿಂದಲ್ಲ, ತಪ್ಪು ತಮ್ಮದಲ್ಲವೆಂದು ಒಪ್ಪಿಸುವವರ ಹಾಗೆ.

ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಅವಳ ಎಲೆಯಲ್ಲಿ ನೊಣ ಹುಡುಕುತ್ತಿದ್ದೆ. ಸಂಜೆ ಸುತ್ತೋಲೆಯನ್ನು ತೆಗೆದು ಅವಳ ಮೇಜಿನ ಮೇಲಿಟ್ಟೆ. ಅವಳು ಅದರ ತಾರೀಖು ನೋಡಿದಳು, ನನ್ನನ್ನು ನೋಡಿದಳು, "ಭಾಳ ಉಪಕಾರ ಆತ್ರಿ, ಸರ್ರ," ಎಂದಳು. ಆ ದೊಡ್ಡತನಕ್ಕೂ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಚಾಚಾನಿಗೆ ಬಾಗಲಕೋಟೆಯ ದವಾಖಾನೆಯಲ್ಲಿ ಎದೆಯ ಎಕ್ಸ್‌ರೇ ಗೊತ್ತುಮಾಡಿದವಳೂ ಅವಳೇ. ಜೊತೆಗೆ ಬರಲು ಅವರು ಕರೆದದ್ದು ಮಾತ್ರ ನನ್ನನ್ನು. ಬಸ್ಸು ಊರು ದಾಟುತ್ತಲೇ ಅವರಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ, ರೂಢಿಯಂತೆ ನನ್ನ ಮುಖ ನೋಡಿದರು, ಜೋಕಿಗೆ ಕಾಯುತ್ತ. ನನಗೆ ಒಂದೂ ನೆನಪಾಗಲಿಲ್ಲ.