ಚಮಚ ನಿಲ್ಲುವ ಸೀತಾಫಲ

ನನಗಾಗ ಅರವತ್ತೆರಡು. ಐದು ವರ್ಷದ ಹಿಂದಿನ ಮಾತು. ಬೀದರಿನಿಂದ ಮಗಳ ಮಗಳು ದಸರಾ ರಜೆಗೆ ಸಂತಪುರದ ನನ್ನ ಮನೆಗೆ ಬಂದಿದ್ದಳು. ಪ್ರತಿ ವರ್ಷ ರಜೆ ಮುಗಿಯುವವರೆಗೂ ಇರುವವಳು, ಆ ಸಲ ಬಂದ ಮರುದಿನವೇ ಮೋರೆ ಇಳಿಸಿದಳು.

"ಆಯಿ, ಶನಿವಾರ ಪಪ್ಪಾಗ ಬರ್ಲಿಕ್ಕಿ ಹೇಳು. ನಾ ಮನಿಗಿ ಹೋಗ್ತೇನಿ."

"ಯಾಕ? ಇಲ್ಲೇನ್ ಮುಳ್ಳು ಚುಚ್ತಾವೇನ?"

"ಇಲ್ಲಿ ಸ್ಮೂದಿ ಇಲ್ಲ. ಬೀದರ ಆಯಿ ದಿನಾ ಸೀತಾಫಲದ್ದು ಮಾಡ್ತಾಳ. ಹ್ಯಾಂಗ್ ಗಟ್ಟಿ ಅಂದ್ರ, ಚಮಚ ನೆಟ್ಟಗ ನಿಂದರ್ತದ."

ಬೀದರ ಆಯಿ ಅಂದರೆ ಇವಳ ಅಪ್ಪನ ತಾಯಿ, ನನ್ನ ಬೀಗತಿ. ನರ್ಸ್ ಕೆಲಸ ಮಾಡಿ ರಿಟೈರ್ ಆದವಳು. ಇಸ್ತ್ರಿ ಸೀರೆ, ಮೆತ್ತಗಿನ ಮಾತು. ಆಕೆಯನ್ನು ಕಂಡರೆ ನನಗೆ ಆಗುವುದಿಲ್ಲ. ಹುಡುಗಿಯ ಮೊದಲ ಹೆಜ್ಜೆ, ಮೊದಲ ಮಾತು ಎಲ್ಲ ಆಕೆಯ ಕಣ್ಣೆದುರಿಗೇ ಆದವು. ನನ್ನ ಪಾಲಿಗೆ ಬಂದದ್ದು ರಜೆ ಮಾತ್ರ. ಈಗ ಅದಕ್ಕೂ ಕೈ ಹಾಕಿದಳಲ್ಲ ಎಂದು ಹೊಟ್ಟೆ ಉರಿಯಿತು. ಅದೂ ಸೀತಾಫಲದಿಂದ! ನಮ್ಮ ಹೊಲದ ಬದುವಿನಲ್ಲಿ ಅದನ್ನು ಕೇಳುವವರಿಲ್ಲ, ಗಿಳಿಗಳು ತಿಂದು ಹೋಗುತ್ತವೆ. ಆಕೆ ಬಜಾರಕ್ಕೆ ಹೋಗಿ ತರಬೇಕು.

ಹುಡುಗಿಯ ಹಟಕ್ಕೆ ಶನಿವಾರ ಬರಲು ಅಳಿಯನಿಗೆ ಹೇಳಿದೆನಾದರೂ, ಹೊಲದಿಂದ ಬುಟ್ಟಿ ತುಂಬ ಹಣ್ಣು ತಂದೆ. ತಿರುಳನ್ನು ಜರಡಿಯಲ್ಲಿ ತಿಕ್ಕಿ ಬೀಜ ತೆಗೆದೆ. ಎಮ್ಮೆ ಹಾಲು, ಸಕ್ಕರೆ ಹಾಕಿ ಮಿಕ್ಸರಿನಲ್ಲಿ ತಿರುವಿದೆ. ಚಮಚ ಊರಿದರೆ ಪಕ್ಕಕ್ಕೆ ಬಿತ್ತು. ಕೆನೆ ಹಾಕಿದೆ, ಮತ್ತೆ ಬಿತ್ತು. ಒಲೆಯ ಪಕ್ಕ ಜೋಳದ ಅಂಬಲಿ ಆರಿ ಗಟ್ಟಿಯಾಗಿ ಕುಳಿತಿತ್ತು. ನಮ್ಮಲ್ಲಿ ಏನು ತೆಳ್ಳಗಾದರೂ ಜೋಳವೇ ಗತಿ. ಒಂದು ಸೌಟು ಸುರಿದು ಮತ್ತೆ ತಿರುವಿದೆ. ಚಮಚ ಪೊಲೀಸನ ಹಾಗೆ ನಿಂತಿತು.

ಹುಡುಗಿ ಒಂದು ಗುಟುಕು ಕಣ್ಣು ಮುಚ್ಚಿ ನುಂಗಿದಳು.

"ಆಯಿ, ಇದು ಅಂಬಲಿ."

"ಚಮಚ ನಿಂತದೋ ಇಲ್ಲೋ?"

"ನಿಂತದ. ನಾ ಕುಡಿಬೇಕಲ್ಲ!"

"ನಿಮ್ಮ ಬೀದರ ಆಯಿ ಏನ್ ಹಾಕ್ತಾಳ, ಬಂಗಾರ ಹಾಕ್ತಾಳೇನ?"

"ಏನೂ ಹಾಕಂಗಿಲ್ಲ. ತಿರುಳು ಫ್ರಿಜ್ಜಿನ ಮ್ಯಾಲಿನ ಖಾನ್ಯಾಗ ಇಟ್ಟು ಕಲ್ಲು ಮಾಡ್ತಾಳ. ಆಮ್ಯಾಲ ಸ್ವಲ್ಪೇ ಹಾಲು ಹಾಕಿ ತಿರುವ್ತಾಳ."

"ಮೊದಲ ಯಾಕ ಹೇಳಲಿಲ್ಲ?"

"ನೀ ಎಲ್ಲಿ ಕೇಳಿದಿ? ಆಕಿ ಹೆಸರು ತಗದ್ರ ಮಾರಿ ಗಂಟು ಹಾಕ್ತಿ."

ನಮ್ಮ ಮನೆಯಲ್ಲೂ ಫ್ರಿಜ್ಜಿತ್ತು, ಮಗ ಭಾಲ್ಕಿಯಿಂದ ತಂದುಕೊಟ್ಟದ್ದು. ಇಲಿ ಮುಟ್ಟುವುದಿಲ್ಲವೆಂದು ಅದರಲ್ಲಿ ತೊಗರಿಬೇಳೆ ತುಂಬಿ, ಪ್ಲಗ್ ಕಿತ್ತಿಟ್ಟಿದ್ದೆ. ಬೀಗತಿಯ ಮೇಲೆ ಇನ್ನೂ ಸಿಟ್ಟು ಬಂತು. ತಣ್ಣಗೆ ಮಾಡಿದ್ದಕ್ಕೆ ಇಷ್ಟು ಹೆಸರೇ?

ಮರುದಿನ ಬೆಳಿಗ್ಗೆ ಬೇಳೆಯನ್ನೆಲ್ಲ ಚೀಲಕ್ಕೆ ಸುರಿದು, ಫ್ರಿಜ್ಜು ಒರೆಸಿ ಚಾಲೂ ಮಾಡಿ, ಮೇಲಿನ ಖಾನೆಯ ತುಂಬ ತಿರುಳು ಇಟ್ಟೆ. ಹುಡುಗಿ ಏಳುವ ಮೊದಲೇ ಅಳಿಯನಿಗೆ ಫೋನ್ ಹಚ್ಚಿ, "ಶನಿವಾರ ಬರಬ್ಯಾಡ್ರಿ" ಅಂದೆ.