ದುರ್ಬೀನಿನಲ್ಲಿ ನೆಟ್ಟಗೆ ನಿಂತವನು

ದೆವ್ವ, ಭೂತ, ಶಕುನ ಎಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು ನಾನು. ಅಳತೆಗೆ ಸಿಕ್ಕಿದ್ದಷ್ಟೇ ಸತ್ಯ ಎಂದು ಹಾಸ್ಟೆಲಿನಲ್ಲಿ ವಾದಕ್ಕೆ ನಿಲ್ಲುತ್ತಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ.

ಅರವತ್ತರ ದಶಕದ ಆರಂಭ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಸರ್ವೆ ಪಾಠವೆಂದರೆ ಪ್ರಾಣ. ನೆಲದ ಏರುತಗ್ಗು ಅಳೆಯುವ ಲೆವೆಲ್ ಎಂಬ ದುರ್ಬೀನಿನ ಯಂತ್ರವನ್ನು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ದೂರದಲ್ಲಿ ಅಂಕೆ ಬರೆದ ಉದ್ದನೆಯ ಪಟ್ಟಿ ಹಿಡಿದು ನಿಲ್ಲುವವನು ಸದಾ ಖಾದರ್, ಅದೇ ಊರಿನ ದರ್ಜಿಯ ಮಗ, ನನ್ನ ಜೀವದ ಗೆಳೆಯ. ಆಗಿನ ಲೆವೆಲ್ಲುಗಳಲ್ಲಿ ಎದುರಿನದೆಲ್ಲ ತಲೆಕೆಳಗಾಗಿ ಕಾಣುತ್ತಿತ್ತು. "ಏ ಬಾವಲಿ, ಸರಿಯಾಗಿ ಹಿಡಿಯೋ!" ಎಂದು ನಾನು ಕೂಗಿದರೆ, "ತಡಿಯಲೇ, ಒಂದಿನ ನಿನ್ನ ದುರ್ಬೀನಿನಾಗೇ ನೆಟ್ಟಗೆ ನಿಂತು ತೋರಸ್ತೀನಿ" ಎನ್ನುತ್ತಿದ್ದ.

ಕೊನೆಯ ವರ್ಷದ ಸರ್ವೆ ಕ್ಯಾಂಪ್ ಹರಿಹರದ ಹೊಳೆದಂಡೆಯಲ್ಲಿ. ಹೊರಡುವ ಹೊತ್ತಿಗೆ ಖಾದರನಿಗೆ ವಿಷಮಶೀತ ಜ್ವರ. ಎದ್ದು ಕೂರಲೂ ತ್ರಾಣವಿಲ್ಲ, ಆದರೂ ಕ್ಯಾಂಪ್ ತಪ್ಪಿದರೆ ವರ್ಷವೇ ಹೋಗುತ್ತದೆಂದು ಮಲಗಿದಲ್ಲೇ ಚಡಪಡಿಸುತ್ತಿದ್ದ. ನನಗೆ ಎಷ್ಟೋ ಸಲ ಉಣಬಡಿಸಿದ ಅವನ ತಾಯಿ ಬಾಗಿಲವರೆಗೂ ಬಂದರು. "ನೀ ಹೋಗು ಬೇಟಾ. ಅವ್ನು ಎದ್ದು ನಿಂತ ಕೂಡ್ಲೇ ನಿನ್ನ ಹತ್ರಾನೇ ಕಳಸ್ತೀನಿ" ಎಂದರು.

ಕ್ಯಾಂಪ್ ಶುರುವಾಗಿ ನಾಲ್ಕನೆಯ ದಿನ, ಪಕ್ಕದ ಗುತ್ತೂರಿನ ಕಡೆಗೆ ಅಳೆಯುತ್ತ ಹೊರಟಿದ್ದೆವು. ಇಳಿಹೊತ್ತು. ಪಟ್ಟಿ ಹಿಡಿದಿದ್ದವನು ರುದ್ರೇಶನೆಂಬ ಸಹಪಾಠಿ. ಅಂಕೆ ಓದಲು ಲೆವೆಲ್ಲಿಗೆ ಕಣ್ಣಿಟ್ಟೆ. ಅಲ್ಲಿ ಖಾದರ್ ನಿಂತಿದ್ದ. ತಲೆ ಮೇಲೆ, ಕಾಲು ಕೆಳಗೆ, ನೆಟ್ಟಗೆ! ಹಿಂದಿನ ಜಾಲಿಮರ ಮಾತ್ರ ಎಂದಿನಂತೆ ತಲೆಕೆಳಗಾಗಿತ್ತು. ಅವನು ನಗುತ್ತಿದ್ದ. ಸುಳ್ಳೇಕೆ ಹೇಳಲಿ, ನನಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು. "ಬಂದೇಬಿಟ್ಟೆಯಲ್ಲೋ!" ಎಂದು ಕೂಗಿ ತಲೆಯೆತ್ತಿದೆ.

"ಯಾರ್ ಬಂದ್ರೋ? ನಾನೇ ನಿಂತೀನಲ್ಲ" ಎಂದ ರುದ್ರೇಶ. ಮತ್ತೆ ಕಣ್ಣಿಟ್ಟರೆ ತಲೆಕೆಳಗಾದ ರುದ್ರೇಶನೇ. ಬಿಸಿಲಿಗೆ ಕಣ್ಣು ಕೆಟ್ಟಿರಬೇಕು ಎಂದುಕೊಂಡು ಕೆಲಸ ಮುಂದುವರಿಸಿದೆ.

ದೀಪ ಹಚ್ಚುವ ಹೊತ್ತಿಗೆ ದಾವಣಗೆರೆಯಿಂದ ಸುದ್ದಿ ಬಂತು. ಆ ಇಳಿಹೊತ್ತಿನಲ್ಲೇ ಖಾದರ್ ತೀರಿಕೊಂಡಿದ್ದ. ಆ ರಾತ್ರಿಯೇ ದಾವಣಗೆರೆಗೆ ಓಡಿದೆ.

ಮಣ್ಣು ಮಾಡಿ ಬಂದ ಮೇಲೆ ಅವನ ತಾಯಿಯ ಮುಂದೆ ಕುಳಿತು ಕಂಡದ್ದನ್ನು ಹೇಳಿಬಿಟ್ಟೆ. ಅದುವರೆಗೆ ಅವರ ಕಣ್ಣಲ್ಲಿ ಹನಿ ನೀರು ಬಂದಿರಲಿಲ್ಲ.

"ನೆಟ್ಟಗೆ ನಿಂತಿದ್ನಾ? ಖರೇ ಹೇಳು."

"ಹೂಂ ಅಮ್ಮಾ, ನೆಟ್ಟಗೇ ನಿಂತಿದ್ದ."

"ಎದ್ದ ಕೂಡ್ಲೇ ನಿನ್ನ ಹತ್ರಾನೇ ಬಂದಾನೆ ನೋಡು" ಎಂದವರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ನಾನೂ ಅತ್ತೆ.

ಮಸೂರ, ಬೆಳಕು, ಬಿಸಿಲು ಎಂದು ಏನೇನೋ ಲೆಕ್ಕ ಹಾಕಿದ್ದೇನೆ, ತಿಳಿದವರನ್ನು ಕೇಳಿದ್ದೇನೆ. ಯಾವುದೂ ತಾಳೆಯಾಗಲಿಲ್ಲ. ಮುಂದೆ ನೌಕರಿಯಲ್ಲಿ ಎಷ್ಟೋ ವರ್ಷ ಅಂಥದೇ ಲೆವೆಲ್ಲಿಗೆ ಕಣ್ಣಿಟ್ಟೆ. ಪಟ್ಟಿ ಹಿಡಿದವರು ಯಾರೂ ಇನ್ನೊಮ್ಮೆ ನೆಟ್ಟಗೆ ಕಾಣಲಿಲ್ಲ. ಕಂಡಾನೇನೋ ಎಂದು ನಾನು ಕಾದದ್ದಂತೂ ನಿಜ.